ತೆಳು ಗೇಮಿಂಗ್ ಲ್ಯಾಪ್‌ಟಾಪ್: ಒಯ್ಯುವ ಸೌಕರ್ಯ ಮತ್ತು ವಿನ್ಯಾಸ

ಒಂದು ಯಂತ್ರವನ್ನು ಹಗುರವೆಂದು ಕರೆಯುವಾಗ ನಾವು ತಕ್ಕಡಿಯಲ್ಲಿ ಇಟ್ಟಿರುವುದು ಏನನ್ನು? ಈ ಪ್ರಶ್ನೆ ಮೇಲ್ನೋಟಕ್ಕೆ ಬಾಲಿಶವಾಗಿ ತೋರಬಹುದು. ಆದರೆ ಕಳೆದ ಹದಿನೈದು ವರ್ಷಗಳಲ್ಲಿ ಬೆಳೆದುಬಂದಿರುವ ತೆಳು ಗೇಮಿಂಗ್ ಲ್ಯಾಪ್‌ಟಾಪ್ ಎಂಬ ಯಂತ್ರವರ್ಗವನ್ನು ಪರಿಶೀಲಿಸಿದವರಿಗೆ, ತೂಕ ಮತ್ತು ದಪ್ಪ ಎಂಬ ಎರಡು ಅಂಕಿಗಳು ಎಷ್ಟನ್ನು ತಿಳಿಸುತ್ತವೆಯೋ ಅಷ್ಟನ್ನೇ ಮರೆಯಿಸುತ್ತವೆ ಎಂಬುದು ಕ್ರಮೇಣ ಗೋಚರವಾಗುತ್ತದೆ. ಪ್ರಕೃತ ಲೇಖನದ ಉದ್ದೇಶ ಈ ಎರಡು ಅಂಕಿಗಳ ಹಿಂದಿರುವುದನ್ನು ವಾಚಕರ ಮುಂದೆ ಬಿಚ್ಚಿಡುವುದು.

ಹೆಸರಿನಲ್ಲಿ ಆಟದ ಸೂಚನೆ ಇದೆಯೆಂಬ ಕಾರಣದಿಂದ ವಿದ್ವಾಂಸರು ಈ ಯಂತ್ರಗಳನ್ನು ಅಲಕ್ಷಿಸುವುದು ಸರಿಯಲ್ಲ. ಕಟ್ಟಡಗಳ ನಕ್ಷೆ ಬರೆಯುವ ವಾಸ್ತುಶಿಲ್ಪದ ವಿದ್ಯಾರ್ಥಿ, ಚಲನಚಿತ್ರ ಸಂಕಲನ ಕಲಿಯುವವನು, ಯಂತ್ರಕಲಿಕೆಯ ಪ್ರಯೋಗಗಳನ್ನು ನಡೆಸುವ ಸಂಶೋಧಕ, ಇವರೆಲ್ಲರಿಗೂ ಬೇಕಾಗುವುದು ಆಟಗಾರನಿಗೆ ಬೇಕಾಗುವ ಗ್ರಾಫಿಕ್ಸ್ ಚಿಪ್ಪೇ. ಆದ್ದರಿಂದ ನಮ್ಮ ಕಾಲೇಜುಗಳ ಅನೇಕ ವಿದ್ಯಾರ್ಥಿಗಳು ಓದಿಗಾಗಿಯೇ ಈ ಯಂತ್ರವನ್ನು ಕೊಳ್ಳುತ್ತಾರೆ. ಸಾಧಾರಣ ಕುಟುಂಬಕ್ಕೆ ಇದು ದೊಡ್ಡ ಮೊತ್ತ. ಕೊಂಡದ್ದನ್ನು ನಾಲ್ಕು ವರ್ಷ ಹೆಗಲ ಮೇಲೆ ಹೊತ್ತು ತಿರುಗಬೇಕು. ನಾಲ್ಕು ವರ್ಷ ಅದು ಬಾಳಿಕೆ ಬರಬೇಕು.

ಚರಿತ್ರೆಯ ಅಧ್ಯಾಪಕನಿಗೆ ಈ ವಿಷಯದಲ್ಲಿ ಏನು ಅಧಿಕಾರ ಎಂದು ಕೆಲವರು ಕೇಳಬಹುದು. ಉತ್ತರ ಸರಳವಾದದ್ದು. ತಯಾರಕರು ಪ್ರಕಟಿಸುವ ವಿವರಪಟ್ಟಿ ಒಂದು ಬಗೆಯ ಪ್ರಶಸ್ತಿ ಶಾಸನ. ಅದನ್ನು ಬರೆಯಿಸಿದವನೇ ಅದರ ನಾಯಕ. ಇಂಥ ಬರಹ ಸುಳ್ಳಾಗಿರಬೇಕೆಂದೇನೂ ಇಲ್ಲ. ರವಿಕೀರ್ತಿಯ ಐಹೊಳೆ ಶಾಸನ ಇಮ್ಮಡಿ ಪುಲಕೇಶಿಯನ್ನು ಕೊಂಡಾಡುವುದಕ್ಕಾಗಿಯೇ ರಚಿತವಾದದ್ದು. ಆದರೂ ಹರ್ಷನಿಗೆ ಚಾಲುಕ್ಯರನ್ನು ಮಣಿಸಲಾಗಲಿಲ್ಲವೆಂಬುದನ್ನು ನಾವು ಒಪ್ಪುತ್ತೇವೆ. ಹರ್ಷನ ಆದರಕ್ಕೆ ಪಾತ್ರನಾದ ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗನೂ ಅದನ್ನೇ ಹೇಳುತ್ತಾನೆ ಎಂಬುದು ಅದಕ್ಕೆ ಕಾರಣ. ಲ್ಯಾಪ್‌ಟಾಪಿನ ವಿವರಪಟ್ಟಿಯನ್ನೂ ಹೀಗೆಯೇ ಓದತಕ್ಕದ್ದು: ಹೇಳಿರುವುದನ್ನು ಇತರ ಸಾಕ್ಷ್ಯಗಳೊಡನೆ ಹೋಲಿಸಬೇಕು, ಹೇಳದೆ ಬಿಟ್ಟದ್ದನ್ನು ಹುಡುಕಬೇಕು.

ಮೊದಲು ಪೂರ್ವಚರಿತ್ರೆಯನ್ನು ಸ್ವಲ್ಪ ನೋಡೋಣ. ಕೈಯಲ್ಲಿ ಹಿಡಿದು ಒಯ್ಯಬಹುದಾದ ಗಣಕಯಂತ್ರದ ಕಲ್ಪನೆಯನ್ನು ವಿವರವಾಗಿ ಮುಂದಿಟ್ಟವನು ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ಅಲನ್ ಕೇ. ೧೯೭೨ರಲ್ಲಿ ಅವನು ಬರೆದ ಪ್ರಬಂಧದಲ್ಲಿ ಆ ಯಂತ್ರಕ್ಕೆ ಡೈನಾಬುಕ್ ಎಂದು ಹೆಸರು. ಅದು ಟಿಪ್ಪಣಿ ಪುಸ್ತಕದ ಗಾತ್ರಕ್ಕಿಂತ ದೊಡ್ಡದಾಗಿರಬಾರದು, ತೂಕ ನಾಲ್ಕು ಪೌಂಡಿನೊಳಗೆ, ಎಂದರೆ ಸುಮಾರು ೧.೮ ಕಿಲೋಗ್ರಾಮಿನೊಳಗೆ ಇರಬೇಕು ಎಂಬುದು ಅವನ ಅಪೇಕ್ಷೆ. ಸ್ವಾರಸ್ಯವೇನೆಂದರೆ, ಆ ಪ್ರಬಂಧದ ಮೊದಲಲ್ಲಿಯೇ ಒಂಬತ್ತು ವರ್ಷದ ಇಬ್ಬರು ಮಕ್ಕಳು ಉದ್ಯಾನದ ಹುಲ್ಲಿನ ಮೇಲೆ ಮಲಗಿ ತಮ್ಮ ಡೈನಾಬುಕ್‌ಗಳಲ್ಲಿ ಆಕಾಶನೌಕೆಗಳ ಕಾಳಗದ ಆಟವನ್ನು ಆಡುತ್ತಿರುತ್ತಾರೆ. ಒಯ್ಯಬಹುದಾದ ಗಣಕಯಂತ್ರದ ಕಲ್ಪನೆಯೂ ಅದರಲ್ಲಿ ಆಡುವ ಕಲ್ಪನೆಯೂ ಅವಳಿಗಳಾಗಿಯೇ ಹುಟ್ಟಿದವು ಎಂದರೆ ಅತಿಶಯೋಕ್ತಿಯಾಗಲಾರದು.

ಕಲ್ಪನೆಗೂ ಲೋಹಕ್ಕೂ ನಡುವೆ ಬಹಳ ಅಂತರವಿತ್ತು. ೧೯೭೫ರ ಐಬಿಎಂ ೫೧೦೦ ಒಯ್ಯಬಹುದಾದ ಯಂತ್ರವೆಂದು ಕರೆಸಿಕೊಂಡರೂ ತೂಗುತ್ತಿದ್ದದ್ದು ೨೫ ಕಿಲೋಗ್ರಾಮಿನಷ್ಟು. ೧೯೮೧ರಲ್ಲಿ ಮಾರುಕಟ್ಟೆಗೆ ಬಂದ ಆಸ್ಬೋರ್ನ್ ೧ ಸುಮಾರು ೧೧ ಕಿಲೋಗ್ರಾಂ ತೂಗುತ್ತಿತ್ತು; ಐದು ಅಂಗುಲದ ಪರದೆ, ಹೊಲಿಗೆ ಯಂತ್ರದ ಪೆಟ್ಟಿಗೆಯಂಥ ಆಕಾರ. ವಿಮಾನದ ಆಸನದ ಕೆಳಗೆ ಹಿಡಿಸಬೇಕು ಎಂಬುದೇ ಅದರ ಅಳತೆಯನ್ನು ನಿರ್ಧರಿಸಿತು. ಪ್ರಸಂಗವಶಾತ್ ಹೇಳುವುದಾದರೆ, ಇದನ್ನು ತಯಾರಿಸಿದ ಆಡಂ ಆಸ್ಬೋರ್ನನ ಬಾಲ್ಯ ಕಳೆದದ್ದು ತಿರುವಣ್ಣಾಮಲೆಯಲ್ಲಿ, ರಮಣಾಶ್ರಮದ ಆಸುಪಾಸಿನಲ್ಲಿ. ಅವನು ೨೦೦೩ರಲ್ಲಿ ತೀರಿಕೊಂಡದ್ದು ಕೊಡೈಕನಾಲಿನಲ್ಲಿ. ಮರುವರ್ಷ, ೧೯೮೨ರಲ್ಲಿ, ಬಿಲ್ ಮಾಗ್ರಿಜ್ ರೂಪಿಸಿದ ಗ್ರಿಡ್ ಕಂಪಾಸ್ ಬಂದಿತು. ಪರದೆಯೂ ಕೀಲಿಮಣೆಯೂ ಕಪ್ಪೆಚಿಪ್ಪಿನ ಎರಡು ಹೋಳುಗಳಂತೆ ಮಡಿಚಿಕೊಳ್ಳುವ ಇಂದಿನ ರೂಪಕ್ಕೆ ಅದು ಮೂಲ. ಅದರ ಮೆಗ್ನೀಸಿಯಂ ಹೊದಿಕೆ ಯಂತ್ರಕ್ಕೆ ಕವಚವಾಗಿದ್ದದ್ದಲ್ಲದೆ ಒಳಗಿನ ಶಾಖವನ್ನು ಹೊರಚೆಲ್ಲುವ ಅಂಗವೂ ಆಗಿತ್ತು. ಈ ಒಂದು ವಿವರವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ತೆಳುವಾಗಿರುವುದೇ ಒಂದು ಗುಣ ಎಂಬ ಭಾವನೆ ಲೋಕದಲ್ಲಿ ಬೇರೂರಿದ್ದು ೨೦೦೮ರ ಜನವರಿಯಲ್ಲಿ, ಸ್ಟೀವ್ ಜಾಬ್ಸ್ ಕಚೇರಿಯ ಲಕೋಟೆಯೊಂದರಿಂದ ಮ್ಯಾಕ್‌ಬುಕ್ ಏರ್ ಯಂತ್ರವನ್ನು ಹೊರತೆಗೆದು ತೋರಿಸಿದಾಗ. ಅದರ ಅತ್ಯಂತ ದಪ್ಪನೆಯ ಭಾಗ ೧೯.೪ ಮಿಲಿಮೀಟರ್, ಅತ್ಯಂತ ತೆಳುವಾದ ಅಂಚು ೪ ಮಿಲಿಮೀಟರ್, ತೂಕ ೧.೩೬ ಕಿಲೋಗ್ರಾಂ. ರ‍್ಯಾಮನ್ನು ಫಲಕಕ್ಕೆ ಬೆಸೆಯಲಾಗಿತ್ತು. ಬ್ಯಾಟರಿಯನ್ನು ಬಳಸುವವನೇ ಬದಲಿಸುವಂತಿರಲಿಲ್ಲ. ಡಿಸ್ಕ್ ಹಾಕುವ ಸ್ಥಳವಿರಲಿಲ್ಲ. ತೆಳುತನಕ್ಕೆ ತೆರಬೇಕಾದ ಬೆಲೆಯೆಲ್ಲ ಆ ಲಕೋಟೆಯೊಳಗೇ ಇತ್ತು. ಆದರೆ ಸಭಿಕರಿಗೆ ಕಂಡದ್ದು ಲಕೋಟೆ ಮಾತ್ರ.

ಆ ಕಾಲದಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಎಂದರೆ ಮೇಜಿನ ಗಣಕಯಂತ್ರವನ್ನು ಮಡಿಚಿ ಮುಚ್ಚಳ ಹಾಕಿದಂತಿರುತ್ತಿತ್ತು. ಈ ಪರಂಪರೆ ಬೇಗ ನಿಲ್ಲಲೂ ಇಲ್ಲ. ೨೦೧೭ರಲ್ಲಿ ಮಾರಾಟಕ್ಕೆ ಬಂದ ಏಸರ್ ಪ್ರಿಡೇಟರ್ ೨೧ ಎಕ್ಸ್ ಎಂಟು ಕಿಲೋಗ್ರಾಮಿಗೂ ಮಿಕ್ಕ ತೂಕದ್ದು. ಅದಕ್ಕೆ ವಿದ್ಯುತ್ತನ್ನು ಊಡಲು ಒಂದು ಚಾರ್ಜರು ಸಾಲದೆ ಎರಡನ್ನು ಜೋಡಿಸಬೇಕಾಗಿತ್ತು. ಬೆಲೆ ೮,೯೯೯ ಡಾಲರ್. ಚಿಕ್ಕದಾಗಿಸುವ ಪ್ರಯತ್ನಗಳೂ ಮೊದಲೇ ನಡೆದಿದ್ದವು. ೨೦೧೦ರ ಏಲಿಯನ್‌ವೇರ್ ಎಂ೧೧ಎಕ್ಸ್ ಹನ್ನೊಂದೂವರೆ ಅಂಗುಲದ ಪರದೆಯ ಪುಟ್ಟ ಯಂತ್ರ, ತೂಕ ಸುಮಾರು ೨ ಕಿಲೋಗ್ರಾಂ. ಆದರೆ ದಪ್ಪ ೩೨ ಮಿಲಿಮೀಟರಿಗಿಂತ ಹೆಚ್ಚು. ಒಯ್ಯಲು ಅನುಕೂಲವಾಗಿರಲು ಯಂತ್ರ ಚಿಕ್ಕದಾಗಿದ್ದರೆ ಸಾಕು, ತೆಳುವಾಗಿರಬೇಕಾಗಿಲ್ಲ ಎಂಬ ವಾದವನ್ನು ಅದು ಮುಂದಿಟ್ಟಿತ್ತು. ಲೋಕ ಆ ವಾದವನ್ನು ಒಪ್ಪಲಿಲ್ಲ.

ಒಪ್ಪಿದ್ದು ರೇಜರ್ ಸಂಸ್ಥೆಯ ಬ್ಲೇಡ್ ಎಂಬ ಯಂತ್ರವನ್ನು. ೨೦೧೧ರ ಮೊದಲ ಬ್ಲೇಡ್ ಹದಿನೇಳು ಅಂಗುಲದ ಪರದೆಯದು, ದಪ್ಪ ಸುಮಾರು ೨೨ ಮಿಲಿಮೀಟರ್, ತೂಕ ಮೂರು ಕಿಲೋಗ್ರಾಮಿಗಿಂತ ಸ್ವಲ್ಪ ಮೇಲೆ. ನಿಜವಾದ ತಿರುವು ೨೦೧೩ರದು. ಆ ವರ್ಷದ ಹದಿನಾಲ್ಕು ಅಂಗುಲದ ಬ್ಲೇಡ್ ೧೬.೮ ಮಿಲಿಮೀಟರ್ ದಪ್ಪವಿತ್ತು. ಅಮೆರಿಕದ ಡೈಮ್ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದರೆ ಅದರ ಎತ್ತರ ೧೭.೯ ಮಿಲಿಮೀಟರ್, ಯಂತ್ರ ಅದಕ್ಕಿಂತ ತೆಳು. ತೂಕ ಸುಮಾರು ೧.೯ ಕಿಲೋಗ್ರಾಂ. ಅಲ್ಯೂಮಿನಿಯಂ ಕವಚ, ಕಪ್ಪು ಬಣ್ಣ, ಹಿಂದಿನ ಗೇಮಿಂಗ್ ಯಂತ್ರಗಳ ಕೋಡು ಕೊಂಬುಗಳಿಲ್ಲದ ಸರಳ ರೇಖೆಗಳು. ಅದರ ಪರದೆ ಬೆಲೆಗೆ ತಕ್ಕದ್ದಾಗಿರಲಿಲ್ಲವೆಂದು ವಿಮರ್ಶಕರು ಆಕ್ಷೇಪಿಸಿದರು; ಮರುವರ್ಷದ ಮಾದರಿಯಲ್ಲಿ ಪರದೆ ಉತ್ತಮವಾಯಿತು, ಅದರೊಡನೆ ದಪ್ಪ ಒಂದು ಮಿಲಿಮೀಟರಿನಷ್ಟೂ ತೂಕ ನೂರೈವತ್ತು ಗ್ರಾಮಿನಷ್ಟೂ ಏರಿದವು. ಈ ಏರಿಕೆ ಚಿಕ್ಕದಾದರೂ ಗಮನಾರ್ಹ. ಹಿಂದಿನ ವರ್ಷದ ತೆಳುತನ ಯಾವುದರ ವೆಚ್ಚದಲ್ಲಿ ದೊರೆತಿತ್ತು ಎಂಬುದಕ್ಕೆ ಇದು ತಯಾರಕರದೇ ಸಾಕ್ಷ್ಯ.

ಇಲ್ಲಿ ಭೌತಶಾಸ್ತ್ರದ ಕಡೆಗೆ ಸ್ವಲ್ಪ ಹೊರಳದೆ ಗತಿಯಿಲ್ಲ. ಗ್ರಾಫಿಕ್ಸ್ ಚಿಪ್ಪು ನುಂಗುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ನೂರು ವ್ಯಾಟ್ ನುಂಗಿದರೆ ನೂರು ವ್ಯಾಟ್ ಶಾಖ. ಹಳೆಯ ನೂರು ವ್ಯಾಟಿನ ಬಲ್ಬನ್ನು ಮುಟ್ಟಿ ನೋಡಿದವರಿಗೆ ಇದರ ಪ್ರಮಾಣ ಗೊತ್ತು. ಅಂಥದೊಂದು ಬಲ್ಬನ್ನು ಎರಡು ಬೆರಳಿನ ದಪ್ಪವೂ ಇಲ್ಲದ ಪೆಟ್ಟಿಗೆಯಲ್ಲಿಟ್ಟು, ಅದರ ಮೇಲೆ ಅಂಗೈಯಿಟ್ಟು ಬೆರಳಚ್ಚಿಸಬೇಕು. ವಿನ್ಯಾಸಕಾರನ ಮುಂದಿರುವ ಸಮಸ್ಯೆ ಇದು. ಶಾಖವನ್ನು ಚಿಪ್ಪಿನಿಂದ ಅಂಚಿಗೆ ಒಯ್ಯುವುದು ಹೀಟ್ ಪೈಪ್ ಎಂಬ ತಾಮ್ರದ ನಾಳ. ಅದರೊಳಗಿನ ಚೂರು ದ್ರವ ಬಿಸಿಯಾದ ತುದಿಯಲ್ಲಿ ಆವಿಯಾಗಿ, ತಣ್ಣಗಿರುವ ತುದಿಗೆ ಹರಿದು, ಅಲ್ಲಿ ಮತ್ತೆ ದ್ರವವಾಗಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಹಿಂದಿರುಗುತ್ತದೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ೧೯೬೩ರಲ್ಲಿ ಈ ಉಪಾಯವನ್ನು ಬೆಳಕಿಗೆ ತಂದನು. ಯಂತ್ರ ತೆಳುವಾದಂತೆ ನಾಳವನ್ನು ಚಪ್ಪಟೆ ಮಾಡಬೇಕು. ಚಪ್ಪಟೆಯಾದಂತೆ ಅದರ ಶಾಖವಹನ ಸಾಮರ್ಥ್ಯ ತಗ್ಗುತ್ತದೆ.

ಅಂಚಿಗೆ ಬಂದ ಶಾಖವನ್ನು ಹೊರಗಟ್ಟುವುದು ಫ್ಯಾನು. ತೆಳುವಾದ ಫ್ಯಾನಿನ ರೆಕ್ಕೆಗಳು ಕಿರಿದಾಗಿರುವುದರಿಂದ ಅಷ್ಟೇ ಗಾಳಿಯನ್ನು ನೂಕಲು ಅದು ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ. ಫ್ಯಾನಿನ ವೇಗ ದ್ವಿಗುಣವಾದರೆ ಶಬ್ದ ಸುಮಾರು ೧೫ ಡೆಸಿಬೆಲ್ ಏರುವುದೆಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಗ್ರಂಥಾಲಯದಲ್ಲಿ ಕುಳಿತು ಈ ಯಂತ್ರದಲ್ಲಿ ಭಾರವಾದ ಕೆಲಸ ಮಾಡಿದವರಿಗೆ ಸುತ್ತಲಿನವರ ನೋಟವೇ ಆ ಲೆಕ್ಕವನ್ನು ತಿಳಿಸಿರುತ್ತದೆ. ಇನ್ನೊಂದು ಸಂಗತಿ ನಮ್ಮ ನಾಡಿಗೆ ನೇರವಾಗಿ ಸಂಬಂಧಿಸಿದ್ದು. ಶಾಖ ಹರಿಯುವ ಪ್ರಮಾಣ ಚಿಪ್ಪಿಗೂ ಕೋಣೆಯ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ಚಿಪ್ಪನ್ನು ೯೫ ಡಿಗ್ರಿಯವರೆಗೆ ಬಿಸಿಯಾಗಲು ಬಿಡುವರೆಂದಿಟ್ಟುಕೊಂಡರೆ, ೨೫ ಡಿಗ್ರಿಯ ಕೋಣೆಯಲ್ಲಿ ಅಂತರ ೭೦ ಡಿಗ್ರಿ. ಏಪ್ರಿಲ್ ತಿಂಗಳ ರಾಯಚೂರಿನಲ್ಲೋ ಕಲಬುರಗಿಯಲ್ಲೋ ೪೦ ಡಿಗ್ರಿಯಿರುವಾಗ ೫೫ ಮಾತ್ರ. ಅದೇ ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಸಾಗಿಸಬಲ್ಲ ಶಾಖ ಐದರಲ್ಲೊಂದು ಪಾಲು ಕಡಿಮೆಯಾಯಿತು. ದಪ್ಪ ಯಂತ್ರದಲ್ಲಿ ಈ ಕೊರತೆಯನ್ನು ತುಂಬಿಕೊಡಲು ಒಂದಿಷ್ಟು ಮಿಗಿಲು ಸಾಮರ್ಥ್ಯ ಇರುತ್ತದೆ. ತೆಳು ಯಂತ್ರ ತನ್ನ ಮಿತಿಯ ಅಂಚಿನಲ್ಲಿಯೇ ಕೆಲಸ ಮಾಡುವುದರಿಂದ ಅದಕ್ಕೆ ಆ ಮಿಗಿಲಿಲ್ಲ. ಅದು ವೇಗವನ್ನು ತಗ್ಗಿಸಿಕೊಳ್ಳಲೇಬೇಕು. ಬೇರೆ ದೇಶದ ತಂಪು ಕೋಣೆಯಲ್ಲಿ ನಡೆದ ಪರೀಕ್ಷೆಯ ಫಲಿತಾಂಶವನ್ನು ನಂಬಿ ಕೊಳ್ಳುವವರು ಇದನ್ನು ಗಮನಿಸಬೇಕು.

ಹಾಗಾದರೆ ತೆಳು ಯಂತ್ರ ಸಾಧ್ಯವಾದದ್ದು ಹೇಗೆ? ಉತ್ತರವಿರುವುದು ಹೊದಿಕೆಯಲ್ಲಲ್ಲ, ಚಿಪ್ಪಿನಲ್ಲಿ. ಚಿಪ್ಪಿನ ವೇಗ ಹೆಚ್ಚಬೇಕಾದರೆ ಅದಕ್ಕೆ ಕೊಡುವ ವೋಲ್ಟೇಜನ್ನೂ ಹೆಚ್ಚಿಸಬೇಕು. ವಿದ್ಯುತ್ತಿನ ವ್ಯಯವಾದರೋ ವೋಲ್ಟೇಜಿನ ವರ್ಗವನ್ನೂ ವೇಗವನ್ನೂ ಗುಣಿಸಿದಂತೆ ಬೆಳೆಯುತ್ತದೆ. ಆದ್ದರಿಂದ ಸ್ಥೂಲವಾಗಿ, ವ್ಯಯವು ವೇಗದ ಘನದಂತೆ ಏರುತ್ತದೆ. ಇದನ್ನೇ ಹಿಂದುಮುಂದಾಗಿ ಓದಿದರೆ ಒಂದು ಶುಭವಾರ್ತೆ ಇದೆ: ವೇಗವನ್ನು ಐದರಲ್ಲೊಂದು ಪಾಲು ಇಳಿಸಿದರೆ ವ್ಯಯ ಅರ್ಧದಷ್ಟಾಗುತ್ತದೆ. ೨೦೧೭ರಲ್ಲಿ ತೈಪೆಯ ಕಂಪ್ಯೂಟೆಕ್ಸ್ ಪ್ರದರ್ಶನದಲ್ಲಿ ಎನ್‌ವಿಡಿಯಾ ಸಂಸ್ಥೆ ಮ್ಯಾಕ್ಸ್-ಕ್ಯೂ ಎಂಬ ಹೆಸರಿನಿಂದ ಪ್ರಕಟಿಸಿದ ಯೋಜನೆಯ ತಿರುಳು ಇದೇ. ರಾಕೆಟ್ಟಿನ ಮೇಲೆ ಗಾಳಿಯ ಒತ್ತಡ ಅತ್ಯಧಿಕವಾಗುವ ಘಟ್ಟಕ್ಕೆ ಇರುವ ಹೆಸರನ್ನು ಅದು ಎರವಲು ಪಡೆದಿತ್ತು. ಪೂರ್ಣಶಕ್ತಿಯ ಜಿಟಿಎಕ್ಸ್ ೧೦೮೦ ಚಿಪ್ಪು ಲ್ಯಾಪ್‌ಟಾಪಿನಲ್ಲಿ ೧೫೦ ವ್ಯಾಟ್ ಬಳಸುತ್ತಿದ್ದರೆ, ಮ್ಯಾಕ್ಸ್-ಕ್ಯೂ ರೂಪಕ್ಕೆ ೯೦ರಿಂದ ೧೧೦ ವ್ಯಾಟ್ ಸಾಕು.

ಈ ಚಿಪ್ಪನ್ನು ಹೊತ್ತ ಮೊದಲ ಯಂತ್ರಗಳಲ್ಲಿ ಏಸುಸ್ ಸಂಸ್ಥೆಯ ಝೆಫಿರಸ್ ಜಿಎಕ್ಸ್೫೦೧ ವಿಶೇಷ ಪರಾಮರ್ಶೆಗೆ ಅರ್ಹ. ಹದಿನೈದೂವರೆ ಅಂಗುಲದ ಪರದೆ, ದಪ್ಪ ೧೬.೯ರಿಂದ ೧೭.೯ ಮಿಲಿಮೀಟರ್, ತೂಕ ಸುಮಾರು ೨.೨ ಕಿಲೋಗ್ರಾಂ. ಮುಚ್ಚಳ ತೆರೆದೊಡನೆ ತಳಭಾಗ ಐದಾರು ಮಿಲಿಮೀಟರಿನಷ್ಟು ಬಾಯ್ದೆರೆದು ಗಾಳಿಗೆ ದಾರಿ ಬಿಡುತ್ತಿತ್ತು. ಎಂದರೆ ಅದು ಮುಚ್ಚಿದಾಗ ಮಾತ್ರ ತೆಳು, ದುಡಿಯುವಾಗ ದಪ್ಪ. ಕೀಲಿಮಣೆಯನ್ನು ಮುಂದಿನ ಅಂಚಿಗೆ ಎಳೆದು, ಟಚ್‌ಪ್ಯಾಡನ್ನು ಬಲಗಡೆಗೆ ತಳ್ಳಿ, ಹಿಂದಿನ ಭಾಗವನ್ನೆಲ್ಲ ಶಾಖದ ಅಂಗಗಳಿಗೆ ಮೀಸಲಾಗಿಡಲಾಗಿತ್ತು. ಅಂಗೈ ಊರುವ ಸ್ಥಳವೇ ಇರಲಿಲ್ಲ. ಮೇಜಿನ ಮೇಲಿಟ್ಟು ಕೆಲಸ ಮಾಡುವುದಕ್ಕೆ ಅಂಗೈಯ ಆಸರೆಯೊಂದನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು, ತೊಡೆಯ ಮೇಲಂತೂ ಕಷ್ಟವೇ. ಬ್ಯಾಟರಿ ಕೇವಲ ೫೦ ವ್ಯಾಟ್-ಗಂಟೆಯದು, ಚಾರ್ಜರು ಮಾತ್ರ ೨೩೦ ವ್ಯಾಟಿನದು. ವಿವರಪಟ್ಟಿಯ ಮೊದಲ ಸಾಲಿನಲ್ಲಿ ಇದು ಒಯ್ಯಲು ಬಂದ ಯಂತ್ರ. ಕೊನೆಯ ಸಾಲುಗಳಲ್ಲಿ ಗೋಡೆಯ ವಿದ್ಯುತ್ತಿಗೆ ಕಟ್ಟಿಹಾಕಿದ ಯಂತ್ರ. ಆದರೂ ಇದನ್ನು ವಿಫಲವೆನ್ನಲು ಮನಸ್ಸು ಬಾರದು. ತನ್ನ ಸಂಕಟವನ್ನು ಅಡಗಿಸಿಡದೆ ಹೊರಗೇ ತೋರಿಸುವ ಪ್ರಾಮಾಣಿಕತೆ ಅದರ ರೂಪದಲ್ಲಿತ್ತು.

ಮೂರು ವರ್ಷಗಳ ತರುವಾಯ, ೨೦೨೦ರಲ್ಲಿ, ಅದೇ ಸಂಸ್ಥೆಯ ಝೆಫಿರಸ್ ಜಿ೧೪ ಈ ಸಂಕಟವನ್ನು ಬೇರೊಂದು ದಾರಿಯಲ್ಲಿ ಪರಿಹರಿಸಿತು. ಎಎಂಡಿ ಸಂಸ್ಥೆಯ ಹೊಸ ಪ್ರೊಸೆಸರ್ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಮಾಡಬಲ್ಲದಾಗಿತ್ತು. ಗ್ರಾಫಿಕ್ಸ್ ಚಿಪ್ಪನ್ನು ೬೫ ವ್ಯಾಟಿಗೆ ಮಿತಗೊಳಿಸಲಾಗಿತ್ತು. ಹದಿನಾಲ್ಕು ಅಂಗುಲದ ಪರದೆ, ತೂಕ ಸುಮಾರು ೧.೬ ಕಿಲೋಗ್ರಾಂ, ದಪ್ಪ ೧೭.೯ ಮಿಲಿಮೀಟರ್, ಬ್ಯಾಟರಿ ೭೬ ವ್ಯಾಟ್-ಗಂಟೆ. ಕೇ ಬಯಸಿದ ನಾಲ್ಕು ಪೌಂಡಿನ ಮಿತಿಯೊಳಗೆ ಆಡಬಹುದಾದ ಯಂತ್ರ ಹೀಗೆ ನಲವತ್ತೆಂಟು ವರ್ಷಗಳ ಬಳಿಕ ಸಾಧಾರಣ ಮಾರುಕಟ್ಟೆಗೆ ಬಂದಿತು. ಆದರೆ ಒಂದು ಅಂಗ ಅದರಲ್ಲಿ ಇರಲಿಲ್ಲ. ಪರದೆಯ ಸುತ್ತಲಿನ ಪಟ್ಟಿಯನ್ನು ಕಿರಿದಾಗಿಸುವ ಭರದಲ್ಲಿ ಕ್ಯಾಮೆರಾವನ್ನು ಕೈಬಿಡಲಾಗಿತ್ತು. ಜನವರಿಯಲ್ಲಿ ಯಂತ್ರದ ಪ್ರಕಟಣೆ. ಮಾರ್ಚಿನಲ್ಲಿ ಲೋಕದ ಕಾಲೇಜುಗಳೆಲ್ಲ ಮುಚ್ಚಿ ಪಾಠಗಳು ಪರದೆಗೆ ಬಂದವು. ಇದು ಯಾರೂ ಊಹಿಸಲಾಗದಿದ್ದ ಸಂಗತಿ, ಆದಕಾರಣ ವಿನ್ಯಾಸಕಾರರನ್ನು ದೂಷಿಸುವುದು ನ್ಯಾಯವಲ್ಲ. ಆದರೂ ಯಂತ್ರದಿಂದ ಏನನ್ನು ತೆಗೆದುಹಾಕಬಹುದೆಂಬ ನಿರ್ಣಯ ಎಷ್ಟು ಬೇಗ ಹುಸಿಯಾಗಬಲ್ಲದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ೨೦೨೨ರ ಮಾದರಿಯಲ್ಲಿ ಕ್ಯಾಮೆರಾ ಬಂದಿತು.

೨೦೨೪ರಲ್ಲಿ ಜಿ೧೪ ಯಂತ್ರವನ್ನು ಅಡಿಯಿಂದ ಮುಡಿಯವರೆಗೆ ಮಾರ್ಪಡಿಸಲಾಯಿತು. ಅಲ್ಯೂಮಿನಿಯಂ ಮೈ, ಒಎಲ್ಇಡಿ ಪರದೆ, ತೂಕ ೧.೫ ಕಿಲೋಗ್ರಾಂ, ದಪ್ಪ ೧೫.೯ ಮಿಲಿಮೀಟರಿನಿಂದ ಆರಂಭ. ನೋಡಲು ಅತ್ಯಂತ ಸೊಗಸಾದ ಯಂತ್ರ. ಆಟದ ಯಂತ್ರವೆಂದು ಗುರುತು ಹತ್ತದು. ಆದರೆ ೨೦೨೦ರ ಯಂತ್ರದಲ್ಲಿ ರ‍್ಯಾಮಿನ ಒಂದು ಭಾಗವನ್ನಾದರೂ ಬದಲಿಸಬಹುದಾಗಿತ್ತು. ಇದರಲ್ಲಿ ಅದೆಲ್ಲವೂ ಮದರ್‌ಬೋರ್ಡಿಗೆ ಬೆಸುಗೆಯಾಗಿದೆ. ಕೊಳ್ಳುವ ದಿನ ಎಷ್ಟು ರ‍್ಯಾಮ್ ಇತ್ತೋ ಕೊನೆಯ ದಿನವೂ ಅಷ್ಟೇ.

ರೇಜರ್ ಸಂಸ್ಥೆಯ ಹದಿನಾರು ಅಂಗುಲದ ಬ್ಲೇಡ್ ಇದೇ ಮಾತನ್ನು ಇನ್ನೂ ನಿಚ್ಚಳವಾಗಿ ಹೇಳುತ್ತದೆ. ಒಂದೇ ತಯಾರಕ, ಒಂದೇ ಅಳತೆಯ ಪರದೆ, ಎರಡು ವರ್ಷಗಳ ಅಂತರ. ಹೋಲಿಕೆಗೆ ಇದಕ್ಕಿಂತ ಅನುಕೂಲವಾದ ಜೋಡಿ ಸಿಗುವುದು ಅಪರೂಪ. ೨೦೨೩ರ ಬ್ಲೇಡ್ ೧೬ ಯಂತ್ರದ ದಪ್ಪ ೨೨ ಮಿಲಿಮೀಟರ್, ತೂಕ ೨.೪೫ ಕಿಲೋಗ್ರಾಂ, ರ‍್ಯಾಮನ್ನು ಕಳಚಿ ಹಾಕಬಹುದಾಗಿತ್ತು. ೨೦೨೫ರ ಬ್ಲೇಡ್ ೧೬ ಯಂತ್ರದ ಪ್ರಕಟಿತ ದಪ್ಪ ೧೪.೯ ಮಿಲಿಮೀಟರ್, ತೂಕ ೨.೧೪ ಕಿಲೋಗ್ರಾಂ, ರ‍್ಯಾಮ್ ಬೆಸುಗೆಯಾದದ್ದು. ಏಳು ಮಿಲಿಮೀಟರ್ ಹೋಯಿತು, ಮುನ್ನೂರು ಗ್ರಾಮಿಗೆ ಸ್ವಲ್ಪ ಮೇಲೆ ಹೋಯಿತು. ಮುನ್ನೂರು ಗ್ರಾಂ ಎಂದರೆ ಅರ್ಧ ಲೀಟರ್ ನೀರಿಗಿಂತ ಕಡಿಮೆ. ಎರಡನೆಯ ಯಂತ್ರದ ಎಂಜಿನಿಯರಿಂಗ್ ಕೌಶಲ ಮೆಚ್ಚತಕ್ಕದ್ದೇ ಸರಿ. ಆದರೆ ಚೀಲ ಹೊರುವ ಹೆಗಲಿಗೆ ಆಗುವ ಲಾಭವನ್ನೂ ರಿಪೇರಿಯ ದಿನ ಆಗುವ ನಷ್ಟವನ್ನೂ ಎದುರುಬದುರಾಗಿ ಇಟ್ಟು ನೋಡಿದರೆ, ನನ್ನ ಮಟ್ಟಿಗೆ ತಕ್ಕಡಿ ಹಳೆಯ ಯಂತ್ರದ ಕಡೆಗೇ ವಾಲುತ್ತದೆ. ಹೆಗಲಿಗೆ ತಿಳಿಯುವುದು ತೂಕ, ದಪ್ಪವಲ್ಲ. ಇಪ್ಪತ್ತು ಮಿಲಿಮೀಟರಿನ ಕೆಳಗೆ ಇಳಿಸುವ ಪ್ರತಿಯೊಂದು ಮಿಲಿಮೀಟರೂ ಅಂಗಡಿಯ ಗಾಜಿನ ಕಪಾಟಿಗೆ ಸಲ್ಲುತ್ತದೆಯೇ ಹೊರತು ವಿದ್ಯಾರ್ಥಿಯ ಚೀಲಕ್ಕೆ ಅಷ್ಟಾಗಿ ಸಲ್ಲದು.

ದಪ್ಪದ ಅಂಕಿಯನ್ನು ಅಳೆಯುವ ಕ್ರಮವೂ ಎಲ್ಲರಲ್ಲಿ ಒಂದೇ ಅಲ್ಲ. ಕೆಲವರು ಅತ್ಯಂತ ತೆಳುವಾದ ಅಂಚನ್ನು ಅಳೆದು ಹೇಳುತ್ತಾರೆ, ಕೆಲವರು ಎರಡು ತುದಿಗಳನ್ನೂ ಹೇಳುತ್ತಾರೆ. ತಳದ ರಬ್ಬರ್ ಪಾದಗಳು ಅನೇಕ ವೇಳೆ ಲೆಕ್ಕಕ್ಕೆ ಬರುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು ಹೆಸರುಗಳ ಗೊಂದಲ. ಮ್ಯಾಕ್ಸ್-ಕ್ಯೂ ಎಂಬ ಹೆಸರು ಚಿಪ್ಪಿನ ಹೆಸರಿನ ಬಾಲದಲ್ಲಿ ಇರುವವರೆಗೆ, ಇದು ಶಕ್ತಿಯನ್ನು ಮಿತಗೊಳಿಸಿದ ಚಿಪ್ಪು ಎಂದು ಕೊಳ್ಳುವವನಿಗೆ ತಿಳಿಯುತ್ತಿತ್ತು. ೨೦೨೧ರ ಆರ್‌ಟಿಎಕ್ಸ್ ೩೦ ಶ್ರೇಣಿಯೊಡನೆ ಆ ಬಾಲ ಹೋಯಿತು. ಆರ್‌ಟಿಎಕ್ಸ್ ೩೦೮೦ ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪು ಒಂದು ಯಂತ್ರದಲ್ಲಿ ೮೦ ವ್ಯಾಟಿನದೂ ಇನ್ನೊಂದರಲ್ಲಿ ೧೫೦ ವ್ಯಾಟಿನದೂ ಆಗಬಹುದಾಯಿತು. ಆಕ್ಷೇಪಗಳು ಎದ್ದ ಮೇಲೆ, ವ್ಯಾಟಿನ ಅಂಕಿಯನ್ನು ತಮ್ಮ ವಿವರಗಳಲ್ಲಿ ಪ್ರಕಟಿಸಬೇಕೆಂದು ಎನ್‌ವಿಡಿಯಾ ತಯಾರಕರಿಗೆ ತಿಳಿಸಿತು. ಒಂದೇ ಹೆಸರಿನ ನಾಲ್ವರು ಅರಸರಿರುವ ವಂಶಾವಳಿಯನ್ನು ಬಿಡಿಸಿದವರಿಗೆ ಇದು ಹೊಸ ತೊಡಕೇನೂ ಅಲ್ಲ. ನಾಣ್ಯ ಬೇರೆ, ಮುದ್ರೆ ಒಂದೇ. ೪೦ರ ಶ್ರೇಣಿಯಲ್ಲಿ ಅಂತರ ಇನ್ನೂ ಹಿಗ್ಗಿತು. ಮೇಜಿನ ಗಣಕಯಂತ್ರದ ಆರ್‌ಟಿಎಕ್ಸ್ ೪೦೯೦ ೪೫೦ ವ್ಯಾಟ್ ಬಳಸುತ್ತದೆ, ಅದರಲ್ಲಿ ೧೬,೩೮೪ ಗಣನ ಘಟಕಗಳಿವೆ. ಅದೇ ಅಂಕಿಯನ್ನು ಹೊತ್ತ ಲ್ಯಾಪ್‌ಟಾಪ್ ಚಿಪ್ಪಿನಲ್ಲಿ ಇರುವುದು ೯,೭೨೮ ಮಾತ್ರ. ಇವೆರಡು ಒಂದೇ ಸಿಲಿಕಾನ್ ಅಚ್ಚಿನವೂ ಅಲ್ಲ. ಆದ್ದರಿಂದ ಎರಡು ತೆಳು ಯಂತ್ರಗಳನ್ನು ಹೋಲಿಸುವವನು ಚಿಪ್ಪಿನ ಹೆಸರಿಗಿಂತ ಮೊದಲು ಅದರ ವ್ಯಾಟನ್ನು ಓದಬೇಕು. ೧೧೫ ವ್ಯಾಟ್ ಸಿಗುವ ದಪ್ಪ ಯಂತ್ರದ ಕೆಳದರ್ಜೆಯ ಚಿಪ್ಪು, ೮೦ ವ್ಯಾಟಿಗೆ ಕಟ್ಟುಬಿದ್ದ ತೆಳು ಯಂತ್ರದ ಮೇಲ್ದರ್ಜೆಯ ಚಿಪ್ಪಿನ ಹತ್ತಿರಕ್ಕೆ ಬರುವುದುಂಟು. ಬೆಲೆಗಳು ಮಾತ್ರ ಹತ್ತಿರವಿರುವುದಿಲ್ಲ.

ಇನ್ನು ಬ್ಯಾಟರಿಯ ವಿಷಯ. ವಿಮಾನ ಪ್ರಯಾಣದ ಅಂತರರಾಷ್ಟ್ರೀಯ ನಿಯಮದಂತೆ ೧೦೦ ವ್ಯಾಟ್-ಗಂಟೆಯವರೆಗಿನ ಲಿಥಿಯಂ ಬ್ಯಾಟರಿಯ ಯಂತ್ರವನ್ನು ಪ್ರತ್ಯೇಕ ಅನುಮತಿಯಿಲ್ಲದೆ ಜೊತೆಯಲ್ಲಿ ಒಯ್ಯಬಹುದು. ಅದಕ್ಕಿಂತ ಹೆಚ್ಚಾದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಅನೇಕ ಯಂತ್ರಗಳ ಬ್ಯಾಟರಿ ೯೯ ವ್ಯಾಟ್-ಗಂಟೆಯ ಆಸುಪಾಸಿಗೆ ಬಂದು ನಿಂತಿರುವುದಕ್ಕೆ ಇದೇ ಕಾರಣ. ಆಸ್ಬೋರ್ನನ ಪೆಟ್ಟಿಗೆಯ ಅಳತೆಯನ್ನು ವಿಮಾನದ ಆಸನ ನಿರ್ಧರಿಸಿದಂತೆ ಇಂದಿನ ಬ್ಯಾಟರಿಯ ಅಳತೆಯನ್ನೂ ವಿಮಾನವೇ ನಿರ್ಧರಿಸುತ್ತಿದೆ. ಆದರೆ ಈ ನೂರರ ಮಿತಿ ಆಟಕ್ಕೆ ಎಷ್ಟು ಸಾಲುತ್ತದೆ? ೨೦೨೪ರ ಜಿ೧೪ ಯಂತ್ರದ ಬ್ಯಾಟರಿ ೭೩ ವ್ಯಾಟ್-ಗಂಟೆಯದು. ಗ್ರಾಫಿಕ್ಸ್ ಚಿಪ್ಪು ೯೦ ವ್ಯಾಟನ್ನೂ ಉಳಿದ ಅಂಗಗಳು ೩೦ ವ್ಯಾಟನ್ನೂ ಬೇಡಿದರೆ ಬ್ಯಾಟರಿ ಬರಿದಾಗಲು ಮೂವತ್ತೇಳು ನಿಮಿಷ ಸಾಕು. ವಾಸ್ತವದಲ್ಲಿ ಹೀಗಾಗುವುದಿಲ್ಲ, ಚಾರ್ಜರು ಕಳಚಿದೊಡನೆ ಯಂತ್ರ ತಾನಾಗಿ ಶಕ್ತಿಯನ್ನು ಗಣನೀಯವಾಗಿ ಕುಗ್ಗಿಸಿಕೊಳ್ಳುತ್ತದೆ. ಬರವಣಿಗೆ, ಓದು ಮುಂತಾದ ಲಘು ಕೆಲಸದಲ್ಲಿ ದೊಡ್ಡ ಚಿಪ್ಪನ್ನು ಮಲಗಿಸಿ ಪ್ರೊಸೆಸರಿನೊಳಗಿನ ಚಿಕ್ಕ ಗ್ರಾಫಿಕ್ಸ್ ಅಂಗದಿಂದ ನಡೆಸುವ ಏರ್ಪಾಡು ೨೦೧೦ರಲ್ಲಿ ಎನ್‌ವಿಡಿಯಾದ ಆಪ್ಟಿಮಸ್ ಬಂದಂದಿನಿಂದ ಬಳಕೆಯಲ್ಲಿದೆ. ಹೀಗಾಗಿ ಇದು ಒಂದು ಯಂತ್ರವಲ್ಲ, ಎರಡು. ಒಯ್ಯುವಾಗ ಇರುವುದು ಒಂದು, ಆಡುವಾಗ ಇರುವುದು ಇನ್ನೊಂದು. ಇವೆರಡನ್ನು ಬೇರ್ಪಡಿಸುವುದು ಗೋಡೆಯ ಪ್ಲಗ್ಗು.

ಇಷ್ಟು ಹೇಳಿದ ಮೇಲೆ ಚಾರ್ಜರನ್ನು ತಕ್ಕಡಿಯ ಹೊರಗಿಡುವುದು ನ್ಯಾಯವಲ್ಲ. ಈ ಯಂತ್ರಗಳ ಚಾರ್ಜರು ೧೮೦ರಿ‌ಂದ ೩೩೦ ವ್ಯಾಟಿನವರೆಗೆ ಇರುತ್ತದೆ, ತೂಕ ಅರ್ಧ ಕಿಲೋಗ್ರಾಂ ಸುಮಾರಿಗೆ ಆರಂಭವಾಗಿ ಮೇಲೇರುತ್ತದೆ. ಒಂದೂವರೆ ಕಿಲೋಗ್ರಾಮಿನ ಜಿ೧೪ ಅದು ಸೇರಿದೊಡನೆ ಎರಡು ಕಿಲೋಗ್ರಾಮಿನದಾಗಿ, ಕೇ ಹೇಳಿದ ಗಡಿಯಿಂದ ಮತ್ತೆ ಹೊರಬೀಳುತ್ತದೆ. ಯಂತ್ರವನ್ನು ತೆಳುಮಾಡಿ ಉಳಿಸಿದ ಭಾರದ ಒಂದು ಪಾಲು ಕರಿಯ ಇಟ್ಟಿಗೆಯಂಥ ಪೆಟ್ಟಿಗೆಯಾಗಿ ಅದೇ ಚೀಲದ ಇನ್ನೊಂದು ಅರೆಯಲ್ಲಿ ಕುಳಿತಿದೆ. ಗ್ಯಾಲಿಯಂ ನೈಟ್ರೈಡಿನ ಚಾರ್ಜರುಗಳು ಈ ಗಾತ್ರವನ್ನು ತಗ್ಗಿಸುತ್ತಿವೆ. ೨೦೨೧ರಲ್ಲಿ ಪರಿಷ್ಕೃತವಾದ ಯುಎಸ್‌ಬಿ ನಿಯಮಾವಳಿ ಒಂದೇ ತೆರನ ತಂತಿಯಲ್ಲಿ ೨೪೦ ವ್ಯಾಟಿನವರೆಗೆ ವಿದ್ಯುತ್ತನ್ನು ಕೊಡಲು ಅವಕಾಶ ಮಾಡಿದೆ. ತರಗತಿಗೆ ಹೋಗುವ ದಿನ ದೂರವಾಣಿಯ ಚಿಕ್ಕ ಯುಎಸ್‌ಬಿ ಚಾರ್ಜರಿನಂಥದನ್ನೇ ಒಯ್ದು, ದೊಡ್ಡದನ್ನು ಕೋಣೆಯಲ್ಲಿಯೇ ಬಿಡಬಹುದಾದ ಯಂತ್ರವನ್ನು ಆರಿಸುವುದು ಅರ್ಧ ಮಿಲಿಮೀಟರ್ ತೆಳುವಾದದ್ದನ್ನು ಆರಿಸುವುದಕ್ಕಿಂತ ಹೆಗಲಿಗೆ ಹೆಚ್ಚು ಉಪಕಾರಿ.

ಈ ಓಟದ ಎದುರು ದಿಕ್ಕಿನಲ್ಲಿ ಹೊರಟಿರುವ ಒಂದು ಯಂತ್ರವನ್ನು ಹೆಸರಿಸಬೇಕು. ಅಮೆರಿಕದ ಫ್ರೇಮ್‌ವರ್ಕ್ ಸಂಸ್ಥೆ ೨೦೨೩ರಲ್ಲಿ ಪ್ರಕಟಿಸಿ ೨೦೨೪ರ ಆರಂಭದಲ್ಲಿ ಗ್ರಾಹಕರಿಗೆ ಕಳಿಸತೊಡಗಿದ ಹದಿನಾರು ಅಂಗುಲದ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚಿಪ್ಪು ಹಿಂಬದಿಗೆ ಜೋಡಿಸುವ ಪ್ರತ್ಯೇಕ ಘಟಕವಾಗಿ ಬರುತ್ತದೆ. ಅದಿಲ್ಲದೆ ಯಂತ್ರದ ದಪ್ಪ ೧೭.೯೫ ಮಿಲಿಮೀಟರ್, ತೂಕ ೨.೧ ಕಿಲೋಗ್ರಾಂ, ಅದು ಸೇರಿದರೆ ೨೦.೯೫ ಮಿಲಿಮೀಟರ್, ೨.೪ ಕಿಲೋಗ್ರಾಂ, ಹಿಂದಕ್ಕೆ ಎರಡು ಸೆಂಟಿಮೀಟರ್ ಚಾಚಿಕೊಳ್ಳುತ್ತದೆ. ಒಯ್ಯುವ ಯಂತ್ರ, ಆಡುವ ಯಂತ್ರ ಎಂದು ಮೇಲೆ ನಾವು ಮಾಡಿದ ವಿಭಾಗವನ್ನು ಇಲ್ಲಿ ತಿರುಪುಗಳ ಮೂಲಕವೇ ಸಾಧಿಸಲಾಗಿದೆ. ಪ್ರಯಾಣಕ್ಕೆ ಹೊರಡುವವನು ಘಟಕವನ್ನು ಕಳಚಿಟ್ಟು ಹೋಗಬಹುದು. ಚೆಲುವಿನಲ್ಲಿ ಇದು ಬ್ಲೇಡಿಗೂ ಜಿ೧೪ ಯಂತ್ರಕ್ಕೂ ಸಾಟಿಯಲ್ಲ. ತುಂಡುಗಳನ್ನು ಕೂಡಿಸಿದ ಕೀಲುಗಳು ಕಣ್ಣಿಗೆ ಬೀಳುತ್ತವೆ, ಅದೇ ಶಕ್ತಿಯ ಇತರ ಯಂತ್ರಗಳಿಗಿಂತ ಬೆಲೆಯೂ ಹೆಚ್ಚು. ಆದರೆ ೨೦೨೫ರ ಆಗಸ್ಟಿನಲ್ಲಿ ಅದೇ ಸಂಸ್ಥೆ ಆರ್‌ಟಿಎಕ್ಸ್ ೫೦೭೦ ಚಿಪ್ಪಿನ ಹೊಸ ಘಟಕವನ್ನು ಪ್ರಕಟಿಸಿದಾಗ, ೨೦೨೪ರಲ್ಲಿ ಕೊಂಡ ಯಂತ್ರಕ್ಕೂ ಅದು ಹೊಂದಿಕೊಳ್ಳುವಂತಿತ್ತು. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುವುದಕ್ಕೆ ಬೇಕಾದದ್ದು ಒಂದು ತಿರುಪುಳಿ. ಆ ಅನುಕೂಲಕ್ಕಾಗಿ ಹೊರಬೇಕಾದದ್ದು ಮೂರು ಮಿಲಿಮೀಟರ್ ಮತ್ತು ಮುನ್ನೂರು ಗ್ರಾಂ. ೨೦೨೫ರ ಬ್ಲೇಡಿನಲ್ಲಿ ಕಡಿಮೆ ಮಾಡಿದ್ದೂ ಹೆಚ್ಚುಕಡಿಮೆ ಅಷ್ಟೇ ತೂಕವನ್ನು.